ಸುಮ್ಮನೆ ಓದುವವರು, ಬರೆದು ಕೊಡುವವರು

ಈಗ ಮೊಬೈಲಿನಲ್ಲಿ ಗುಂಪು ಇಲ್ಲದ ಊರು ಇಲ್ಲ. ಶಾಲೆಯ ಹಳೆ ವಿದ್ಯಾರ್ಥಿಗಳದ್ದು ಒಂದು, ದೇವಸ್ಥಾನದ ಸಮಿತಿಯದ್ದು ಒಂದು, ಅಡಿಕೆ ಬೆಳೆಗಾರರದ್ದು ಒಂದು, ಯಕ್ಷಗಾನದವರದ್ದು ಇನ್ನೊಂದು. ಯಾವುದನ್ನು ಬೇಕಾದರೂ ತೆರೆದು ನೋಡಿ. ಇನ್ನೂರು ಜನ ಇದ್ದರೆ ಬರೆಯುವವರು ಹತ್ತೋ ಹದಿನೈದೋ ಮಂದಿ. ಉಳಿದವರು ಓದುತ್ತಾರೆ, ಸುಮ್ಮನಿರುತ್ತಾರೆ. “ಇವರೆಲ್ಲ ಬರೀ ನೋಡ್ಲಿಕ್ಕೆ ಮಾತ್ರವಾ?” ಎಂದು ಬರೆಯುವವರು ಗೊಣಗುವುದುಂಟು. “ನಾವು ಬರೆದು ಎಂತ ಆಗ್ಬೇಕು, ತಿಳಿದವರು ಬರೀಲಿ” ಎಂದು ಸುಮ್ಮನಿರುವವರು ಹೇಳುವುದೂ ಉಂಟು.

ಈ ತಕರಾರು ಮೊಬೈಲಿನ ಜೊತೆಗೆ ಹುಟ್ಟಿದ್ದಲ್ಲ. ನಾಲ್ಕು ಜನ ಸೇರಿ ಓದುವ, ಕೇಳುವ, ತಿಳಿವಳಿಕೆ ಹಂಚಿಕೊಳ್ಳುವ ಕೂಟ ಇದ್ದಲ್ಲೆಲ್ಲ ಇದು ಇತ್ತು. ಕೆಲವು ಕಡೆ ಕೇಳುವವರು ನಿಧಾನಕ್ಕೆ ಹೇಳುವವರಾದರು. ಕೆಲವು ಕಡೆ ಕೇಳುವವರಾಗಿಯೇ ಉಳಿದರು, ಅವರಿಗೆ ಗೊತ್ತಿದ್ದದ್ದು ಅವರೊಂದಿಗೇ ಹೋಯಿತು. ಈ ವ್ಯತ್ಯಾಸ ಯಾಕೆ ಆಯಿತು ಎಂದು ಚರಿತ್ರೆಯಲ್ಲಿ ಹುಡುಕಿದರೆ ನಮ್ಮಂಥ ಗಡಿನಾಡಿನ ಕನ್ನಡಿಗರಿಗೆ ಉಪಯೋಗ ಉಂಟು. ಯಾಕೆಂದರೆ ನಮ್ಮ ವಿಷಯ ನಾವೇ ಬರೆಯದಿದ್ದರೆ ಬೇರೆಯವರು ಬರೆಯುವ ಭರವಸೆ ಕಡಿಮೆ.

ಎದುರು ಕೂತವರ ಶಾಲೆ

ಮೊದಲು ನಮಗೆ ಗೊತ್ತಿರುವ ಕಡೆಯಿಂದಲೇ ಸುರು ಮಾಡುವ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಇಂದಿಗೂ ಹಾಡಲ್ಪಡುವ ಸೀಮೆ ಇದು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲಿಂದಲೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಅವರ ಕೈಯಲ್ಲಿ ಇರುವುದಿಲ್ಲ. ಹಾಗಾದರೆ ಆ ಮಾತು ಅವರು ಕಲಿತದ್ದು ಎಲ್ಲಿ? ಎದುರಿನ ಚಾಪೆಯಲ್ಲಿ. ರಾತ್ರಿಗಟ್ಟಲೆ ಕೂತು ಕೇಳದೆ ಅರ್ಥಧಾರಿಯಾದವರು ಯಾರೂ ಇಲ್ಲ. ಇಂಥ ಮಾತಿಗೆ ಇಂಥ ಉತ್ತರ ಎಂಬುದು ಕೇಳಿ ಕೇಳಿಯೇ ಬರಬೇಕು. ಸಣ್ಣ ಪಾತ್ರ ಮಾಡುವವರು ಒಂದು ದಿನ ಬಾರದಿದ್ದರೆ “ನೀನು ಕೂತುಕೋ ಮಾರಾಯ” ಎಂದು ಹಿಂದಿನ ಸಾಲಿನವನನ್ನು ಕರೆಯುವ ಕ್ರಮ ಹಳ್ಳಿಯ ಕೂಟಗಳಲ್ಲಿ ಉಂಟು. ದೂತನ ನಾಲ್ಕು ಮಾತಿನಿಂದ ಸುರುವಾದದ್ದು ಮುಂದೆ ಕೃಷ್ಣನವರೆಗೂ ಹೋಗಬಹುದು.

ಇದನ್ನೇ ವಿದ್ವಾಂಸರು ಬೇರೆ ದೇಶದಲ್ಲಿ ನೋಡಿ ಬರೆದಿದ್ದಾರೆ. ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಆಫ್ರಿಕದ ಲೈಬೀರಿಯಾದಲ್ಲಿ ದರ್ಜಿಗಳ ಅಂಗಡಿಯಲ್ಲಿ ಹುಡುಗರು ಹೇಗೆ ಕೆಲಸ ಕಲಿಯುತ್ತಾರೆಂದು ನೋಡಿದರು. ಹೊಸ ಹುಡುಗನಿಗೆ ಮೊದಲ ದಿನವೇ ಬಟ್ಟೆ ಕತ್ತರಿಸಲು ಕೊಡುವುದಿಲ್ಲ. ಮುಗಿಯುತ್ತಾ ಬಂದ ಅಂಗಿಗೆ ಗುಂಡಿ ಹಾಕುವುದು, ಅಂಚು ಹೊಲಿಯುವುದು ಅವನ ಮೊದಲ ಕೆಲಸ. ಅದನ್ನು ಮಾಡುತ್ತಾ ಇಡೀ ಅಂಗಿಯ ರೂಪ ಅವನ ಕಣ್ಣಿಗೆ ಬರುತ್ತದೆ. ಕತ್ತರಿ ಕೈಗೆ ಬರುವುದು ಕಡೆಗೆ. 1991ರಲ್ಲಿ ಲೇವ್ ಮತ್ತು ಎಟಿಯನ್ ವೆಂಗರ್ ಸೇರಿ ಬರೆದ ಪುಸ್ತಕದಲ್ಲಿ ಈ ಸಂಗತಿ ಬರುತ್ತದೆ. ಕಲಿಯುವವನು ಮೊದಲು ಕೂಟದ ಅಂಚಿನಲ್ಲಿರುತ್ತಾನೆ, ಅಂಚಿನಲ್ಲಿರುವುದು ಅವನ ಹಕ್ಕು, ಅಲ್ಲಿಂದ ಒಳಗೆ ಬರಲು ದಾರಿ ಇರಬೇಕು ಎಂಬುದು ಅವರ ವಾದದ ಸಾರ. ಹಿಂದಿನ ಸಾಲಿನಲ್ಲಿ ಕೂತವನನ್ನು ಸೋಮಾರಿ ಎನ್ನುವ ಮೊದಲು ಇದನ್ನು ನೆನಪಿಡಬೇಕು.

ಚೀಟಿ ಬರೆದು ಕಳಿಸಿದವರು

ದೊಡ್ಡ ಪ್ರಮಾಣದಲ್ಲಿ ಸಾಮಾನ್ಯ ಓದುಗರಿಂದಲೇ ಕೆಲಸ ಮಾಡಿಸಿದ ಹಳೆಯ ದೃಷ್ಟಾಂತ ಇಂಗ್ಲಿಷಿನ ಆಕ್ಸ್‌ಫರ್ಡ್ ನಿಘಂಟು. ಶಾಲೆಯ ಕಪಾಟಿನಲ್ಲಿ ನಾವೆಲ್ಲ ಕಾಣುವ ಸಣ್ಣ ಪುಸ್ತಕದ ಮೂಲಪುರುಷ ಅದು. 1857ರಲ್ಲಿ ಲಂಡನ್ನಿನ ಫಿಲಾಲಾಜಿಕಲ್ ಸೊಸೈಟಿಯವರು, ಇರುವ ನಿಘಂಟುಗಳಲ್ಲಿ ಎಷ್ಟೋ ಪದಗಳು ಬಿಟ್ಟುಹೋಗಿವೆ ಎಂದು ಮಾತು ಎತ್ತಿದರು. ಪ್ರತಿ ಪದ ಯಾವಾಗ, ಯಾರ ಬರಹದಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಎಂದು ಆಧಾರ ಸಮೇತ ತೋರಿಸಬೇಕೆಂಬುದು ಆಸೆ. ಅದಕ್ಕೆ ಇಡೀ ಭಾಷೆಯ ಪುಸ್ತಕಗಳನ್ನೇ ಓದಬೇಕು. ನಾಲ್ಕು ಪಂಡಿತರಿಂದ ಆಗುವ ಕೆಲಸವೇ ಅದು?

1879ರಲ್ಲಿ ಸಂಪಾದಕರಾದ ಜೇಮ್ಸ್ ಮರ್ರೆ ಓದುವ ಜನರಿಗೆಲ್ಲ ಒಂದು ವಿನಂತಿ ಅಚ್ಚು ಹಾಕಿಸಿ ಹಂಚಿದರು. ಅವರು ಕೇಳಿದ್ದು ದೊಡ್ಡ ಲೇಖನವನ್ನೇನೂ ಅಲ್ಲ, ಒಂದು ಚೀಟಿ. ಓದುವಾಗ ಗಮನ ಸೆಳೆದ ಪದವನ್ನು ಚೀಟಿಯ ಮೂಲೆಯಲ್ಲಿ ಬರೆಯಿರಿ, ಪುಸ್ತಕದ ಹೆಸರು, ಇಸವಿ, ಪುಟ ಬರೆಯಿರಿ, ಆ ಪದ ಇರುವ ವಾಕ್ಯವನ್ನು ಹಾಗೇ ಇಳಿಸಿ ಕಳಿಸಿರಿ ಎಂದರು. ಸ್ವತಃ ಮರ್ರೆಯವರೇ ಶಾಲಾ ಮಾಸ್ತರರು. ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡು ಕಟ್ಟಿಸಿ, ಗೋಡೆ ತುಂಬ ಗೂಡು ಮಾಡಿ, ಬಂದ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದರು. ಅವರ ಮಕ್ಕಳೂ ಚೀಟಿ ವಿಂಗಡಿಸುವ ಕೆಲಸಕ್ಕೆ ಕೂತರು.

ಕಳಿಸಿದವರಲ್ಲಿ ಎಂತೆಂಥವರು ಇದ್ದರು! ಡಬ್ಲ್ಯು. ಸಿ. ಮೈನರ್ ಎಂಬ ಅಮೆರಿಕದ ಸೈನ್ಯದ ವೈದ್ಯ, ಮನಸ್ಸಿನ ಕಾಯಿಲೆಯಲ್ಲಿ ಒಬ್ಬನನ್ನು ಕೊಂದು ಬ್ರಾಡ್‌ಮೂರ್ ಎಂಬ ಆಸ್ಪತ್ರೆಯಲ್ಲಿ ಬಂಧನದಲ್ಲಿದ್ದವರು. ಅಲ್ಲಿಂದಲೇ ಸಾವಿರಾರು ಚೀಟಿ ಕಳಿಸಿದರು. ಫಿಟ್ಜ್‌ಎಡ್ವರ್ಡ್ ಹಾಲ್ ಎಂಬ ಇನ್ನೊಬ್ಬರು ಹಿಂದೆ ನಮ್ಮ ದೇಶದ ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಪಾಠ ಮಾಡಿದವರು. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಕೂತು ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಗಟ್ಟಲೆ ಈ ನಿಘಂಟಿನ ಕರಡು ನೋಡಿಕೊಟ್ಟರು. ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಇಂಥವರ ಹೆಸರು ಉಳಿದಿದೆ. ಹತ್ತೋ ಇಪ್ಪತ್ತೋ ಚೀಟಿ ಕಳಿಸಿ ಸುಮ್ಮನಾದವರೂ ಎಷ್ಟೋ ಮಂದಿ ಇದ್ದರು. 1928ರಲ್ಲಿ ಕೆಲಸ ಮುಗಿದಾಗ ನಿಘಂಟಿನಲ್ಲಿ 4 ಲಕ್ಷಕ್ಕೂ ಮಿಕ್ಕಿ ಪದಗಳು, 18 ಲಕ್ಷಕ್ಕೂ ಮಿಕ್ಕಿ ಆಧಾರ ವಾಕ್ಯಗಳು ಇದ್ದವು.

ಇದರಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಒಂದು, ಚೀಟಿ ಕೈತಪ್ಪಿದರೆ ಪದವೇ ಹೋಯಿತು. ‘ಪಿ’ ಅಕ್ಷರದ ಒಂದು ಕಂತೆಯ ಚೀಟಿಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕಿದಾಗ ಹೆಚ್ಚಿನವು ಬೆಂಕಿ ಹಚ್ಚಲು ಉಪಯೋಗವಾಗಿದ್ದವು. ಎರಡನೆಯದು ಇನ್ನೂ ಮುಖ್ಯ. ಓದುಗರು ಅಪರೂಪದ ಪದಗಳನ್ನೇ ಆರಿಸಿ ಕಳಿಸಿದರು. ‘ಅಬ್ಯೂಷನ್’ ಎಂಬ ಯಾರೂ ಬಳಸದ ಪದಕ್ಕೆ ಸುಮಾರು 50 ಚೀಟಿ ಬಂದಿತ್ತು, ‘ಅಬ್ಯೂಸ್’ ಎಂಬ ನಿತ್ಯದ ಪದಕ್ಕೆ ಐದೂ ಇರಲಿಲ್ಲ. ದಿನಾ ಕಾಣುವುದನ್ನು ಬರೆಯಬೇಕೆಂದು ಯಾರಿಗೂ ತೋರುವುದಿಲ್ಲ. ಮರ್ರೆಯವರೂ ಅವರ ಸಹಾಯಕರೂ ಆ ಸಾಧಾರಣ ಪದಗಳಿಗಾಗಿ ಮತ್ತೆ ಹುಡುಕಬೇಕಾಯಿತು.

ನಮ್ಮಲ್ಲೂ ಇಂಥದ್ದಕ್ಕೆ ದೃಷ್ಟಾಂತ ಉಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಕೆಲಸ ದಶಕಗಳ ಕಾಲ ನಡೆದು 1995ರಲ್ಲಿ ಮುಗಿಯಿತು. ಅದಕ್ಕಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ವರ್ಷಗಟ್ಟಲೆ ಬರೆದರು. ಅದು ನಡೆದದ್ದು ಓದುಗರು ಬರೆದು ಕೇಳಿದ ಪ್ರಶ್ನೆಗಳಿಂದ. ಈ ಪದ ಸರಿಯೋ, ಆ ಪದದ ಮೂಲ ಯಾವುದು ಎಂದು ಕೇಳುವುದೂ ಒಂದು ಕೊಡುಗೆಯೇ ಆಯಿತು. ಪ್ರಶ್ನೆ ಬಾರದಿದ್ದರೆ ಉತ್ತರ ಬರೆಯುವುದು ಯಾರಿಗೆ?

ಬೀಡಿ ಕಟ್ಟುತ್ತಾ ಕೇಳಿದವರು

ಇನ್ನು ನಮ್ಮ ಪಕ್ಕದ ಕಣ್ಣೂರಿಗೆ ಬರುವ. ಅಲ್ಲಿಯ ಬೀಡಿ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಇತ್ತು. ಮಡಿಲಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಎಲ್ಲರೂ ಬೀಡಿ ಕಟ್ಟುತ್ತಾರೆ. ಕೈಗೆ ಕೆಲಸ, ಕಿವಿಗೆ ಬಿಡುವು. ಆಗ ಒಬ್ಬರು ಕಟ್ಟುವುದನ್ನು ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಪೇಪರು ಓದುತ್ತಾರೆ. ಪೇಪರು ಮುಗಿದರೆ ಕಥೆ, ಕಾದಂಬರಿ.

ಆದರೆ ಕೂಲಿ ಬೀಡಿಯ ಲೆಕ್ಕದಲ್ಲಿ. ಓದುತ್ತಾ ಕೂತವರಿಗೆ ಬೀಡಿ ಆಗುವುದಿಲ್ಲ, ಕೂಲಿಯೂ ಇಲ್ಲ. ಅದಕ್ಕೆ ಕೇಳುವವರೇ ದಾರಿ ಮಾಡಿದರು. ಪ್ರತಿಯೊಬ್ಬರೂ ತಾವು ಕಟ್ಟಿದ್ದರಲ್ಲಿ ಸ್ವಲ್ಪ ಸ್ವಲ್ಪ ಓದುವವರ ಪಾಲಿಗೆ ಹಾಕಿ ಅವರ ದಿನದ ಲೆಕ್ಕ ತುಂಬಿಸಿದರು. ಬಾಯಿ ಬಿಡದೆ ಕೂತವನೂ ಹೀಗೆ ಆ ಓದಿನ ಪಾಲುದಾರನಾದ. ಓದಿದ್ದರ ಮೇಲೆ ಚರ್ಚೆ ಏಳುತ್ತಿತ್ತು, ಅಕ್ಷರ ಬಾರದವರೂ ಜಗತ್ತಿನ ಸುದ್ದಿ ಮಾತಾಡುತ್ತಿದ್ದರು. 1968ರ ಹೊತ್ತಿಗೆ ಹೊಸ ಕಾಯಿದೆ ಜಾರಿಗೆ ಬಂದು ಮಾಲಿಕರು ಕಾರ್ಖಾನೆ ಮುಚ್ಚಿದಾಗ ಸಾವಿರಾರು ಜನರ ಕೆಲಸ ಹೋಯಿತು. 1969ರಲ್ಲಿ ಕಾರ್ಮಿಕರದ್ದೇ ಆದ ದಿನೇಶ್ ಬೀಡಿ ಸಹಕಾರಿ ಸಂಘ ಎದ್ದು ನಿಂತಿತು. ಅದಕ್ಕೆ ಸರಕಾರದ ಬೆಂಬಲವೂ ಸಂಘಟನೆಯ ಬಲವೂ ಇತ್ತು, ನಿಜ. ಆದರೆ ಲೆಕ್ಕಪತ್ರ ಓದಿ ಪ್ರಶ್ನೆ ಕೇಳಬಲ್ಲ ಕಾರ್ಮಿಕರು ಒಂದೇ ದಿನದಲ್ಲಿ ತಯಾರಾದವರಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ತಯಾರಾದವರು.

ಒಂದೇ ಫೋನು ಲೈನಿನ ಕಾಲ

ಕಂಪ್ಯೂಟರಿನಲ್ಲಿ ಕೂಟ ಸುರುವಾದದ್ದು ಈ ಕಥೆಗಳಿಗಿಂತ ತುಂಬ ಈಚೆಗೆ. 1978ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸ್ಯೂಸ್ ಎಂಬ ಇಬ್ಬರು ಗೆಳೆಯರು ಒಂದು ಸೂಚನಾ ಫಲಕವನ್ನು ಕಂಪ್ಯೂಟರಿನಲ್ಲಿ ಮಾಡಿದರು. ವಾಚನಾಲಯದ ಹೊರಗೆ ನಾವು ನೋಟೀಸು ಅಂಟಿಸುವ ಹಲಗೆಯಂತೆಯೇ. ಆದರೆ ಅದಕ್ಕೆ ಒಂದೇ ಫೋನು ಲೈನು. ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊರಗೆ ಕಾಯಬೇಕು.

ಇಂಥ ಫಲಕಗಳು ಹೆಚ್ಚಾದಂತೆ ಬರೀ ಓದಿ, ಬೇಕಾದ್ದನ್ನು ಇಳಿಸಿಕೊಂಡು, ತನ್ನದೇನೂ ಕೊಡದೆ ಹೋಗುವವನ ಮೇಲೆ ಉಳಿದವರಿಗೆ ಸಿಟ್ಟು ಬಂತು. ಅಂಥವನಿಗೆ ಜಿಗಣೆ ಎಂದು ಹೆಸರಿಟ್ಟರು. ‘ಲರ್ಕರ್’ ಎಂಬ ಪದವೂ ರೂಢಿಗೆ ಬಂತು. ಮರೆಯಲ್ಲಿ ನಿಂತು ನೋಡುವವನು ಎಂದು ಅದರ ಅರ್ಥ. ಇಷ್ಟು ಕೊಟ್ಟರೆ ಮಾತ್ರ ಇಷ್ಟು ತೆಗೆದುಕೊಳ್ಳಬಹುದು ಎಂದು ಕೆಲವು ಕಡೆ ಲೆಕ್ಕ ಕಟ್ಟಿದರು. ಲೈನು ಒಂದೇ ಇದ್ದಾಗ ಆ ಸಿಟ್ಟಿಗೆ ಅರ್ಥವೂ ಇತ್ತು.

1980ರ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಯೂಸ್‌ನೆಟ್ ಎಂಬ ಚರ್ಚಾಜಾಲ ಹುಟ್ಟಿತು. ಇಲ್ಲಿ ಮಾತು ತಿರುಗಿತು. ಹೊಸಬರಿಗೆ ಹಳಬರು ಕೊಡುತ್ತಿದ್ದ ಬುದ್ಧಿವಾದ ಏನೆಂದರೆ, ಮೊದಲು ಸ್ವಲ್ಪ ಕಾಲ ಸುಮ್ಮನೆ ಓದು, ಇಲ್ಲಿಯ ಕ್ರಮ ತಿಳಿದುಕೋ, ಆಮೇಲೆ ಬರೆ. ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಹೊಸ ಹುಡುಗರು ಬಂದು ಗದ್ದಲ ಆಗುತ್ತಿತ್ತು, ತಿಂಗಳೆರಡರಲ್ಲಿ ಅವರೂ ಕ್ರಮಕ್ಕೆ ಬರುತ್ತಿದ್ದರು. 1993ರ ನಂತರ ಹಣ ಕೊಟ್ಟು ಸಂಪರ್ಕ ಪಡೆದ ಜನ ವರ್ಷವಿಡೀ ಬರತೊಡಗಿದರು. ಕಲಿಸುವವರಿಗಿಂತ ಬರುವವರೇ ಹೆಚ್ಚಾದರು. ಆ ವರ್ಷದ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂದು ಹಳಬರು ಇಂದಿಗೂ ತಮಾಷೆ ಮಾಡುತ್ತಾರೆ. ಒಂದು ಕಡೆ ಕಳ್ಳತನ ಎನಿಸಿದ ಮೌನ ಇನ್ನೊಂದು ಕಡೆ ಮರ್ಯಾದೆ ಎನಿಸಿತು ನೋಡಿ.

ಎಣಿಸಿ ನೋಡಿದಾಗ

2000ದಲ್ಲಿ ಬ್ಲೇರ್ ನಾನೆಕೆ ಮತ್ತು ಜೆನಿ ಪ್ರೀಸ್ ಎಂಬ ಸಂಶೋಧಕರು ಸುಮಾರು ನೂರು ಇ-ಮೇಲ್ ಚರ್ಚಾಗುಂಪುಗಳಲ್ಲಿ ಮೌನಿಗಳನ್ನು ಎಣಿಸಿದರು. ಕಂಪ್ಯೂಟರ್ ತಂತ್ರಾಂಶದ ಸಮಸ್ಯೆ ಕೇಳುವ ಗುಂಪುಗಳಲ್ಲಿ ಸರಾಸರಿ ಶೇಕಡ 82 ಮಂದಿ ಏನೂ ಬರೆದಿರಲಿಲ್ಲ. ಕಾಯಿಲೆಯವರು ಒಬ್ಬರಿಗೊಬ್ಬರು ಧೈರ್ಯ ಹೇಳುವ ಗುಂಪುಗಳಲ್ಲಿ ಮೌನಿಗಳು ಶೇಕಡ 46ರಷ್ಟೇ. ಕಷ್ಟದಲ್ಲಿರುವವನಿಗೆ ತನ್ನ ಮಾತು ಇನ್ನೊಬ್ಬರಿಗೆ ಬೇಕು ಎಂದು ಕಂಡರೆ ಅವನು ಬಾಯಿ ಬಿಡುತ್ತಾನೆ.

2004ರಲ್ಲಿ ಪ್ರೀಸ್ ಮತ್ತು ಜೊತೆಗಾರರು ಮೌನಿಗಳನ್ನೇ ಕೇಳಿದರು, ಯಾಕೆ ಬರೆಯುವುದಿಲ್ಲ ಎಂದು. ಅರ್ಧಕ್ಕಿಂತ ಹೆಚ್ಚು ಮಂದಿ ಓದಿದ್ದೇ ಸಾಕಾಯಿತು, ಬರೆಯುವ ಅಗತ್ಯ ಬರಲಿಲ್ಲ ಎಂದರು. ಗುಂಪಿನ ಬಗ್ಗೆ ಇನ್ನೂ ತಿಳಿಯಬೇಕು ಎಂದವರು ಕೆಲವರು. ತಾನು ಬರೆಯದಿರುವುದೇ ಗುಂಪಿಗೆ ಉಪಕಾರ ಎಂದವರೂ ಇದ್ದರು. ಹೇಗೆ ಬರೆಯುವುದೆಂದೇ ಗೊತ್ತಾಗಲಿಲ್ಲ ಎಂದವರು ಇನ್ನು ಕೆಲವರು. ಪುಕ್ಕಟೆಗೆ ಉಂಡು ಹೋಗುವ ಉದ್ದೇಶ ಈ ಉತ್ತರಗಳಲ್ಲಿ ಕಾಣುವುದು ಕಡಿಮೆ. 2006ರಲ್ಲಿ ಜೇಕಬ್ ನೀಲ್ಸನ್ ಎಂಬವರು ಒಂದು ಅಂದಾಜು ಸೂತ್ರ ಹೇಳಿದರು. ನೂರರಲ್ಲಿ 90 ಮಂದಿ ಓದುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಬಹುಪಾಲು ಬರೆಯುವವನು ಒಬ್ಬ. ನಮ್ಮ ಊರಿನ ಗುಂಪಿನ ಲೆಕ್ಕವೂ ಇದಕ್ಕೆ ಹತ್ತಿರವೇ ಬರುತ್ತದೆ.

ಪಂಡಿತರಿಂದ ಆಗದ್ದು

ಈಗ ಮಕ್ಕಳು ಪ್ರಾಜೆಕ್ಟಿಗೆಂದು ತೆರೆಯುವ ವಿಕಿಪೀಡಿಯದ ಕಥೆಗೆ ಬರುವ. 2000ದಲ್ಲಿ ನ್ಯೂಪೀಡಿಯ ಎಂಬ ವಿಶ್ವಕೋಶ ಸುರುವಾಯಿತು. ವಿಷಯತಜ್ಞರೇ ಬರೆಯಬೇಕು, ಬರೆದದ್ದು ಏಳು ಹಂತದ ಪರಿಶೀಲನೆ ದಾಟಬೇಕು. 2003ರಲ್ಲಿ ಅದು ನಿಂತಾಗ ಪೂರ್ತಿಯಾಗಿದ್ದ ಲೇಖನಗಳು ಇಪ್ಪತ್ತೈದರ ಆಸುಪಾಸು. 2001ರ ಜನವರಿ 15ರಂದು ಅದರ ಪಕ್ಕದಲ್ಲೇ ಯಾರು ಬೇಕಾದರೂ ತಿದ್ದಬಹುದಾದ ವಿಕಿಪೀಡಿಯ ಸುರುವಾಯಿತು. ಒಂದೇ ವರ್ಷದಲ್ಲಿ ಲೇಖನಗಳು ಸುಮಾರು 20,000 ಆದವು.

ಇದನ್ನು ಬರೆದವರು ಯಾರು? ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ತಿದ್ದುಪಡಿಗಳನ್ನು ಎಣಿಸಿ, ಅರ್ಧಕ್ಕಿಂತ ಹೆಚ್ಚು ಕೆಲಸ 524 ಜನರದ್ದು ಎಂದರು. 2006ರಲ್ಲಿ ಆರನ್ ಸ್ವಾರ್ಟ್ಸ್ ಎಂಬ 19 ವರ್ಷದ ಹುಡುಗ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದ. ತಿದ್ದುಪಡಿಯ ಸಂಖ್ಯೆ ಬಿಟ್ಟು, ಕೊನೆಗೆ ಉಳಿದ ಅಕ್ಷರಗಳು ಯಾರವು ಎಂದು ನೋಡಿದ. ಅವನು ಪರಿಶೀಲಿಸಿದ ಲೇಖನಗಳಲ್ಲಿ ವಿಷಯದ ಬಹುಭಾಗ ಬಂದದ್ದು ಒಂದೋ ಎರಡೋ ಸಲ ಬಂದು ತಮಗೆ ಗೊತ್ತಿದ್ದದ್ದನ್ನು ಬರೆದು ಹೋದವರಿಂದ. ನಿತ್ಯ ಇರುವ ಆ ಕೆಲವು ನೂರು ಜನ ಕಾಗುಣಿತ ತಿದ್ದಿದರು, ಸಾಲು ಜೋಡಿಸಿದರು, ಓರಣ ಮಾಡಿದರು. ಮರ್ರೆಯವರ ತಗಡಿನ ಶೆಡ್ಡಿನಲ್ಲಿ ಆದದ್ದೂ ಹೀಗೆಯೇ ಅಲ್ಲವೇ? ಜೋಡಿಸುವವರು ಕೆಲವರು, ಚೀಟಿ ಕಳಿಸುವವರು ಹಲವರು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಕೆಲಸ ಆಗುವುದಿಲ್ಲ.

ಕನ್ನಡದ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಆದರೆ ಕನ್ನಡದವರು ಬಹಳ ಕಾಲ ಮೌನಿಗಳಾಗಿಯೇ ಉಳಿದದ್ದಕ್ಕೆ ಒಂದು ಕಾರಣ ಕೈಯಲ್ಲಿ ಪೆನ್ನೇ ಇರಲಿಲ್ಲ ಎಂಬುದು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಒಬ್ಬೊಬ್ಬರದ್ದು ಒಂದೊಂದು ಫಾಂಟು. ಒಬ್ಬರು ಬರೆದದ್ದು ಇನ್ನೊಬ್ಬರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ಮಾಡಿಕೊಟ್ಟರು, 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಯುನಿಕೋಡ್ ಬಳಕೆಗೆ ಬಂದ ಮೇಲೆ ಎಲ್ಲರ ಯಂತ್ರದಲ್ಲೂ ಒಂದೇ ಕನ್ನಡ ಕಾಣತೊಡಗಿತು. ನಮ್ಮ ತುಳುವಿಗೂ ಕನ್ನಡ ಲಿಪಿಯಲ್ಲೇ ವಿಕಿಪೀಡಿಯ ಆಯಿತು. ವರ್ಷಗಟ್ಟಲೆ ಕೆಲವೇ ಮಂದಿ ಬರೆದು ಬರೆದು ಪೋಷಿಸಿದ ಮೇಲೆ 2016ರಲ್ಲಿ ಅದು ಸ್ವತಂತ್ರವಾಗಿ ನಿಂತಿತು.

ಇದರಲ್ಲಿ ಒಂದು ಎಚ್ಚರಿಕೆಯ ಪಾಠವೂ ಉಂಟು. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿತ್ಯ ಬರೆಯುವವರ ಸಂಖ್ಯೆ 2007ರವರೆಗೆ ಏರಿ ಆಮೇಲೆ ಇಳಿಯಿತು. ಸಂಶೋಧಕರು ನೋಡಿದಾಗ ಕಂಡ ಕಾರಣಗಳಲ್ಲಿ ಒಂದು, ಒಳ್ಳೆಯ ಮನಸ್ಸಿನಿಂದ ಹೊಸಬರು ಬರೆದದ್ದನ್ನು ಹಳಬರು ನಿಯಮ ತೋರಿಸಿ ಅಳಿಸಿಹಾಕುತ್ತಿದ್ದರು. ಒಂದು ಸಲ ಹಾಗಾದವನು ಮತ್ತೆ ಬರುವುದಿಲ್ಲ. ಊರಿನ ಗುಂಪಿನಲ್ಲಿ ಅಪರೂಪಕ್ಕೆ ಎರಡು ಸಾಲು ಬರೆದವನ ಒತ್ತಕ್ಷರ ಹಿಡಿದು ನಗಾಡುವವರು ಇದನ್ನು ತಿಳಿದುಕೊಳ್ಳಬೇಕು.

ಕೃಷಿಕರ ಕೈಗೆ ಲೇಖನಿ

ಮೌನಿಗಳನ್ನು ಬರೆಯುವವರನ್ನಾಗಿ ಮಾಡಿದ ಕೆಲಸ ನಮ್ಮ ಕಡೆಯಲ್ಲೇ ನಡೆದಿದೆ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಶ್ರೀಪಡ್ರೆಯವರು ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆಯವರು. ಕೃಷಿಯ ಬಗ್ಗೆ ಕೃಷಿ ಮಾಡುವವನೇ ಬರೆಯಬೇಕು ಎಂಬುದು ಅದರ ಹಟ. ಹಾರೆ ಹಿಡಿದ ಕೈ ಪೆನ್ನು ಹಿಡಿಯುವುದು ಸುಲಭವೇ? ಅದಕ್ಕೆ ‘ಕೃಷಿಕರ ಕೈಗೆ ಲೇಖನಿ’ ಎಂದು ಶಿಬಿರ ಮಾಡಿ ಕಲಿಸಿದರು. ನೀನು ಕಂಡದ್ದು ಬರೆ, ಮಾಡಿದ್ದು ಬರೆ, ನಿನ್ನ ಮಾತಿನಲ್ಲೇ ಬರೆ ಎಂಬ ಧೈರ್ಯ ಸಿಕ್ಕಿದ ಮೇಲೆ ಅದುವರೆಗೆ ಬರೀ ಓದುತ್ತಿದ್ದವರು ಬರೆಯತೊಡಗಿದರು.

ಅದೇ ಪಡ್ರೆಯಲ್ಲಿ ಬರೆಯುವುದರ ಬೆಲೆ ಎಷ್ಟು ಎಂಬುದೂ ಕಂಡಿತು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೊಂದರೆ ಆದ ಮನೆಗಳಿಗೆ ತಮ್ಮ ಮನೆಯ ಕಷ್ಟ ಗೊತ್ತಿತ್ತು, ನೆರೆಕರೆಗೂ ಗೊತ್ತಿತ್ತು. ಆದರೆ ಅದು ಆಯಾ ಮನೆಯ ದುಃಖವಾಗಿ, ವಿಧಿಯಾಗಿ ಉಳಿದಿತ್ತು. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವವರ ಕಾಯಿಲೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಇದು ಯಾಕೆ ಹೀಗೆ ಎಂದು ವೈದ್ಯಕೀಯ ಪತ್ರಿಕೆಗೆ ಬರೆದರು. ಶ್ರೀಪಡ್ರೆ ಪತ್ರಿಕೆಗಳಿಗೆ ಬರೆದರು. ಪೆರಿಯ ಕಡೆಯ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ 2000ದಲ್ಲಿ ಸಿಂಪಡಣೆಗೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅನ್ವಯಿಸುವಂತೆ ನಿಷೇಧ ಹಾಕಿತು. ನೂರಾರು ಮನೆಗಳಿಗೆ ಬಿಡಿಬಿಡಿಯಾಗಿ ಗೊತ್ತಿದ್ದದ್ದು ಒಂದು ಕಾಗದದಲ್ಲಿ ಒಟ್ಟಾಗುವವರೆಗೆ ಸರಕಾರಕ್ಕಾಗಲಿ ಕೋರ್ಟಿಗಾಗಲಿ ತೋರಿಸಲು ಏನೂ ಇರಲಿಲ್ಲ.

ನಮ್ಮ ಪಾಲಿನ ಚೀಟಿ

1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಅಂದಿನಿಂದ ಬೆಂಗಳೂರಿಗೆ ನಾವು ದೂರ, ತಿರುವನಂತಪುರಕ್ಕೆ ನಮ್ಮ ಭಾಷೆ ಬೇರೆ. ನಮ್ಮ ಗುಡ್ಡೆಗಳಲ್ಲಿ ಸಾವಿರಾರು ಸುರಂಗಗಳುಂಟು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಎಲ್ಲಿ ಕೊರೆಯಬೇಕೆಂದು ಗಿಡ ನೋಡಿ ಹೇಳುವುದು, ಒಳಗೆ ದೀಪ ಮಂಕಾದರೆ ಗಾಳಿ ಸಾಲದೆಂದು ಹೊರಗೆ ಬರುವುದು, ಮಣ್ಣು ಕುಸಿಯುವ ಸೂಚನೆ ಹಿಡಿಯುವುದು, ಇವೆಲ್ಲ ಕೊರೆಯುವವರಿಗೆ ಗೊತ್ತು. ದೂರದ ದೇಶದ ಸಂಶೋಧಕರೂ ಬಂದು ಇದನ್ನು ನೋಡಿ ಬರೆದಿದ್ದಾರೆ. ನಮಗೆ ಮಾತ್ರ ಅದು ಬರೆಯುವಂಥ ವಿಷಯ ಎನಿಸುವುದಿಲ್ಲ, ಯಾಕೆಂದರೆ ದಿನಾ ಕಾಣುತ್ತದೆ. ಐದೂ ಚೀಟಿ ಬಾರದ ಆ ನಿತ್ಯದ ಪದದ ಹಾಗೆಯೇ. ಈ ಕೆಲಸ ಬಲ್ಲವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಮೊಬೈಲಿನಲ್ಲಿ ಕನ್ನಡ ಒತ್ತಲು ಬರುವುದು ಮಕ್ಕಳಿಗೆ. ಇವರಿಬ್ಬರು ಒಂದೇ ಜಗಲಿಯಲ್ಲಿ ಕೂರುತ್ತಾರೆ, ಆದರೆ ಒಬ್ಬರನ್ನೊಬ್ಬರು ಕೇಳುವುದಿಲ್ಲ.

ಬರೆಯದವರೆಲ್ಲ ನಾಳೆಯೇ ಬರೆಯಬೇಕೆಂದು ಇದರ ಅರ್ಥ ಅಲ್ಲ. ಇನ್ನೂರು ಜನ ಒಟ್ಟಿಗೆ ಮಾತಾಡಿದರೆ ಕೇಳುವವರು ಯಾರು? ಇಲ್ಲಿಯವರೆಗೆ ನೋಡಿದ ಕಥೆಗಳಲ್ಲಿ ಕೆಲಸ ಆದಲ್ಲೆಲ್ಲ ಎರಡು ಸಂಗತಿ ಇತ್ತು. ಕೇಳುವವರನ್ನು ಯಾರೂ ಹೀಗಳೆಯಲಿಲ್ಲ, ಮತ್ತು ಅವರ ಕೈಯಲ್ಲಿ ಆಗುವಂಥ ಸಣ್ಣ, ಸ್ಪಷ್ಟ ಕೆಲಸವೊಂದನ್ನು ಮುಂದಿಟ್ಟು ಕೇಳಿಕೊಂಡರು. ದೂತನ ನಾಲ್ಕು ಮಾತು, ಅಂಗಿಯ ಗುಂಡಿ, ಒಂದು ಚೀಟಿ, ಪಾಲಿಗೆ ಹಾಕಿದ ಕೆಲವು ಬೀಡಿ. “ಊರಿನ ಇತಿಹಾಸ ಬರೆಯಿರಿ” ಎಂದರೆ ಯಾರೂ ಬರೆಯುವುದಿಲ್ಲ. “ನಿಮ್ಮ ಗದ್ದೆಗೆ ಏನು ಹೆಸರು?” ಎಂದು ಕೇಳಿದರೆ ಅಜ್ಜಿಯೂ ಹೇಳುತ್ತಾರೆ.

ಅದಕ್ಕೆ ಮಾಸ್ತರರಲ್ಲೂ ಟೀಚರಮ್ಮಂದಿರಲ್ಲೂ ಒಂದು ಅರಿಕೆ. ಮುಂದಿನ ರಜೆಯಲ್ಲಿ ಪ್ರತಿ ಮಗುವಿಗೆ ಹತ್ತು ಚೀಟಿ ಕೊಡುವ. ಒಂದು ಚೀಟಿಗೆ ಒಂದೇ ವಿಷಯ ಸಾಕು. ಒಂದು ಗದ್ದೆಯ ಹೆಸರು, ಒಂದು ಉಪಕರಣ, ಒಂದು ಸೊಪ್ಪಿನ ಉಪಯೋಗ, ಒಂದು ಸುರಂಗ ತೋಡಿದ ಇಸವಿ. ಕೆಳಗೆ ಹೇಳಿದವರ ಹೆಸರು, ಊರು, ತಾರೀಕು. ಕಾಗುಣಿತ ಆಮೇಲೆ ನೋಡಿದರಾಯಿತು. ವಾಚನಾಲಯದ ಕಪಾಟಿನಲ್ಲಿ ಅವುಗಳಿಗೆ ಜಾಗ ಮಾಡಬಹುದು, ಜೋಡಿಸಿಡಲು ಇಬ್ಬರು ಮೂವರು ಇದ್ದೇ ಇರುತ್ತಾರೆ. ಮುಂದೆ ಯಾರಾದರೂ ಅದನ್ನು ಕಂಪ್ಯೂಟರಿಗೂ ಹಾಕಬಹುದು. ಮೊದಲು ಚೀಟಿ ಇರಬೇಕು.